ಹೂದಾನಿಯ ಮೇಲೆ ಅಪ್ಪನ ಕೈ

ಮೊದಲು ‘ಢಮ್’ ಎನ್ನುವುದು, ಅದರ ಹಿಂದೆಯೇ ನಮ್ಮ ಮಾಳಿಗೆಯ ಪಾರಿವಾಳಗಳೆಲ್ಲ ಒಮ್ಮೆಲೆ ಎದ್ದು ರೆಕ್ಕೆ ಬಡಿಯುವುದು. ಬೈಲಹೊಂಗಲದ ನಮ್ಮ ಓಣಿಯಲ್ಲಿ ದಸರೆಯ ಮಧ್ಯಾಹ್ನವೆಂದರೆ ಇದೇ ಸದ್ದು. ಎದುರು ಮನೆಯ ಗೌಡರು ಆಯುಧಗಳ ಖಂಡೇಪೂಜೆಗೆ ಇಟ್ಟ ಬಂದೂಕನ್ನು ಮರುದಿನ, ವಿಜಯದಶಮಿಯಂದು, ಅರಿಷಿಣ-ಕುಂಕುಮ ಹಚ್ಚಿದ ಹಾಗೆಯೇ ಮಾಳಿಗೆಗೆ ಒಯ್ದು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು. ಅವರಪ್ಪ ಹಾರಿಸುತ್ತಿದ್ದರಂತೆ, ಅವರಜ್ಜನೂ. ಓಣಿಗೆ ಅದೇ ಸಿಗ್ನಲ್. ಗುಂಡು ಹಾರಿತೆಂದರೆ ಹೊಸ ಬಟ್ಟೆ ತೊಟ್ಟು ಕಟ್ಟೆಯ ಮೇಲೆ ಕುಳಿತವರೆಲ್ಲ ಎದ್ದು ಊರ ಸೀಮೆಯಾಚೆಯ ಬನ್ನಿಗಿಡಕ್ಕೆ ಹೊರಡಬೇಕು. ಎಲೆ ತಂದು ದೇವರಿಗೆ ಕೊಟ್ಟು, ಆಮೇಲೆ ಮನೆಮನೆಗೆ ಹೋಗಿ ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಹಂಚಬೇಕು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದ ಮೊದಲ ದಸರೆಯಲ್ಲಿ ಆ ಸದ್ದಿಗೆ ‘ಜೀಸಸ್!’ ಎಂದು ಚೀರಿಬಿಟ್ಟಿದ್ದೆ. ಮಡಿಯಲ್ಲಿದ್ದ ಅತ್ತೆ ಆರತಿ ತಟ್ಟೆಯನ್ನು ಕೆಳಗಿಟ್ಟು, “ಹಬ್ಬದ ದಿನಾ ನಿಮ್ಮ ಸಿಸ್ಟರ್‌ಗಳ ದೇವರನ್ನ ನಮ್ಮ ಮನಿಗೆ ಕರೀಬ್ಯಾಡ, ತಾಯಿ” ಎಂದಿದ್ದರು. ವರ್ಷಗಳು ಕಳೆದಂತೆ ನನಗೂ ಅದು ರೂಢಿಯಾಯಿತು. ತೊಂಬತ್ತರ ದಶಕದ ಹೊತ್ತಿಗೆ ಗುಂಡು ಹಾರುವುದು ಸ್ವಲ್ಪ ತಡವಾದರೆ ನಾನೇ ಕಿಟಕಿಯಿಂದ ಇಣುಕಿ, “ಇನ್ನೂ ಯಾಕ ಹಾರಿಸವಲ್ರು?” ಎಂದು ಗಂಡನನ್ನು ಕೇಳುತ್ತಿದ್ದೆ.

ಗೌಡರ ಬಂದೂಕು ಬೆಳೆ ಕಾಯುವ ಲೈಸೆನ್ಸಿನದು. ಕಬ್ಬಿಗೆ ಹಂದಿ ಬೀಳುತ್ತವೆ ಎಂದು ಕೊಟ್ಟದ್ದು. ಹಂದಿ ಹೊಲದಲ್ಲಿದ್ದರೆ ಬಂದೂಕು ಮಾತ್ರ ವರ್ಷವಿಡೀ ಅವರ ಪಡಸಾಲೆಯ ಗೋಡೆಗೆ, ಹಿರಿಯರ ಫೋಟೋಗಳ ಸಾಲಿನಲ್ಲಿ, ಅವರಲ್ಲೊಬ್ಬರ ಹಾಗೆ ತೂಗುತ್ತಿತ್ತು. ದಸರೆ ಬಿಟ್ಟರೆ ಚುನಾವಣೆ ಬಂದಾಗ ಮಾತ್ರ ಅದು ಗೋಡೆ ಬಿಟ್ಟು ಇಳಿಯುತ್ತಿತ್ತು. ಆಗ ಎಲ್ಲರೂ ತಮ್ಮ ಬಂದೂಕುಗಳನ್ನು ಪೊಲೀಸ್ ಸ್ಟೇಶನ್ನಿಗೆ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ವಾಪಸು ತರಬೇಕು. ಆ ವರ್ಷಗಳಲ್ಲಿ ದಿಲ್ಲಿಯ ಸರ್ಕಾರಗಳು ಒಂದರ ಹಿಂದೊಂದು ಬೀಳುತ್ತಿದ್ದುದರಿಂದ ಬಂದೂಕಿಗೂ ಓಡಾಟ ಹೆಚ್ಚು.

ಅದು ಸ್ಟೇಶನ್ನಿನಲ್ಲಿದ್ದ ವಾರಗಳಲ್ಲಿ ಗೌಡರ ಹೆಂಡತಿ ನಮ್ಮ ಮನೆಗೆ ಬರುತ್ತಿದ್ದಳು. ಬೇರೆ ದಿನಗಳಲ್ಲಿ ಹೊಸ್ತಿಲಲ್ಲಿ ನಿಂತೇ ಮಾತಾಡಿ ಹೋಗುವವಳು ಆಗ ಒಳಗೆ ಬಂದು ಕುಳಿತು ಚಹಾ ಕುಡಿಯುತ್ತಿದ್ದಳು.

“ಎಲೆಕ್ಷನ್ ವರ್ಷಕ್ಕ ಎರಡ ಸಲ ಬರಬೇಕ್ರಿ ಅಕ್ಕಾರ,” ಎಂದಳು ಒಮ್ಮೆ.

“ಯಾಕವಾ, ನೀ ಏನ ಕ್ಯಾಂಡಿಡೇಟೇನು?”

“ಬಂದೂಕ ಸ್ಟೇಶನ್ನಿಗೆ ಹೋತಂದ್ರ ನಮ್ಮ ಮನ್ಯಾಗ ಅನ್ನ ಚೊಲೋ ಬೇಯ್ತೈತ್ರಿ.”

ಇಬ್ಬರೂ ನಕ್ಕೆವು. ಅವಳು ಜೋಕು ಹೇಳುವುದರಲ್ಲಿ ಜಾಣೆ. ಆ ಜೋಕನ್ನು ನಾನು ಗಂಡನಿಗೂ ಹೇಳಿ ನಗಿಸಿದೆ.

ಗೌಡರ ಬಗ್ಗೆ ಓಣಿಯಲ್ಲಿ ಒಂದು ಕೆಟ್ಟ ಮಾತಿರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಎತ್ತರದ ದನಿಯಿಲ್ಲ. ಅವರ ಒಂದು ಹ್ಯಾಬಿಟ್ ಅಂತೂ ಹೆಂಗಸರಲ್ಲಿ ಬಹಳ ಪ್ರಸಿದ್ಧವಾಗಿತ್ತು. ಮನೆಯಲ್ಲಿ ಎಲ್ಲರಿಗೂ ಅವರೇ ಬಡಿಸುತ್ತಿದ್ದರು. ತಾಯಿಗೆ, ಹೆಂಡತಿಗೆ, ಮಗಳಿಗೆ, ಸಣ್ಣ ಮಗನಿಗೆ, ಎಲ್ಲರ ತಾಟಿಗೆ ಭಕ್ಕರಿ ಅವರ ಕೈಯಿಂದಲೇ ಬೀಳಬೇಕು. ನಮ್ಮ ಗಂಡಂದಿರು ನೀರಿನ ತಂಬಿಗೆಯನ್ನೂ ತಾವಾಗಿ ತುಂಬಿಕೊಳ್ಳದ ಕಾಲ ಅದು. “ಎಂಥಾ ಜಂಟಲ್‌ಮನ್” ಎಂದು ನಾನೇ ಹೊಗಳಿದ್ದೇನೆ. “ನಾ ಬಡಸದ ಹೊರತು ನಮ್ಮ ಮಂದಿ ಒಂದ ತುತ್ತ ಉಣ್ಣೂದಿಲ್ಲ ನೋಡ್ರಿ,” ಎಂದು ಅವರು ಹೇಳುವಾಗ ದನಿಯಲ್ಲಿ ಪ್ರೀತಿ ಇರುತ್ತಿತ್ತು. ಅದು ಪ್ರೀತಿಯೇ ಆಗಿತ್ತೆಂದು ನಾನು ಇಂದಿಗೂ ನಂಬುತ್ತೇನೆ. ನನಗೆ ಭಯವಾಗುವುದು ಅದರಿಂದಲೇ. ಬೇರೆ ಮನೆಯಲ್ಲಿ ಯಾರಾದರೂ ಉಂಡು ಬಂದರೆ ಅವರು ಬೈಯುತ್ತಿರಲಿಲ್ಲ. ಮಾತು ಬಿಡುತ್ತಿದ್ದರು. ವಾರಗಟ್ಟಲೆ ಆ ಮನೆಯಿಂದ ಪಾತ್ರೆಯ ಸದ್ದೂ ಬರುತ್ತಿರಲಿಲ್ಲ.

ದಶಕದ ಕೊನೆಯಲ್ಲಿ, ಒಂದು ಚುನಾವಣೆಯ ಹೊತ್ತಿಗೆ, ಗೌಡರ ಹೆಂಡತಿಗೆ ಸರ್ಕಾರಿ ಸಾಲೆಯ ನೌಕರಿ ಸಿಕ್ಕಿತು. ಮದುವೆಗೆ ಮುಂಚೆ ರಾಮದುರ್ಗದ ತವರಿನಲ್ಲಿದ್ದಾಗ ಟೀಚರ್ಸ್ ಟ್ರೇನಿಂಗ್ ಮುಗಿಸಿದ್ದಳು. ಸಾಲೆ ನವಿಲುತೀರ್ಥದ ಕಡೆಯ ಒಂದು ಹಳ್ಳಿಯಲ್ಲಿ. ದಸರೆ ರಜೆ ಮುಗಿದ ಮೇಲೆ ಜಾಯಿನ್ ಆಗಬೇಕು.

“ಅವರಿಗೆ ಹೇಳೀಯೇನು?” ಎಂದೆ.

“ಹೇಳೀನ್ರಿ.”

“ಏನಂದ್ರು?”

“ಏನೂ ಅನ್ಲಿಲ್ಲರಿ. ಅವತ್ತ ಊಟಕ್ಕ ನನ್ನ ತಾಟಿಗೆ ಏನೂ ಹಾಕಲಿಲ್ಲ. ಮುಂದ ದಾಟಿ ಹೋದ್ರು.” ಚಹಾದ ಕೊನೆಯ ಗುಟುಕು ಕುಡಿದು, “ನಾನ ನೀಡಿಕೊಂಡು ಉಂಡ್ನಿರಿ ಅಕ್ಕಾರ. ಭಾಳ ರುಚಿ ಆಗಿತ್ತು,” ಎಂದಳು.

ಎಣಿಕೆ ಮುಗಿಯಿತು. ಬಂದೂಕು ಗೋಡೆಗೆ ಮರಳಿತು. ದಸರೆ ಬಂತು.

ಆ ದಿನ ಮಧ್ಯಾಹ್ನ ಅವಳ ಮಗಳು, ಆಗ ಹೈಸ್ಕೂಲಿನಲ್ಲಿದ್ದವಳು, ಮುಚ್ಚಿದ ತಾಟಿನಲ್ಲಿ ಹೋಳಿಗೆ ತಂದಳು. ನನ್ನ ಹತ್ತಿರ ಇಂಗ್ಲಿಷ್ ಟ್ಯೂಶನ್ನಿಗೆ ಬರುತ್ತಿದ್ದ ಹುಡುಗಿ. ಸಂಕೋಚವಿಲ್ಲದೆ ಒಳಗೆ ಬಂದಳು.

“ಅವ್ವ ಇಲ್ಲೇ ಇರು ಅಂದಾಳ್ರಿ. ಬನ್ನಿಗೆ ನಿಮ್ಮ ಜೋಡೀನ ಹೋಗಬೇಕಂತ.”

“ಮನಿ ಮಂದಿ ಜೋಡಿ ಹೋಗೂದಿಲ್ಲೇನ ಈ ಸಲ?”

“ಗೊತ್ತಿಲ್ಲರಿ. ಹೋಗು ಹೋಗು ಅಂತ ದಬ್ಬಿಬಿಟ್ಳು.”

ಹಿಂದಿನ ಯಾವ ದಸರೆಗೂ ಅವಳನ್ನು ಹಾಗೆ ಕಳಿಸಿದ್ದಿಲ್ಲ. ಆ ತಾಯಿಗೆ ಎಷ್ಟು ಗೊತ್ತಿತ್ತು? ಗೊತ್ತಿದ್ದರೆ ಸಣ್ಣವನನ್ನೂ ಯಾಕೆ ಕಳಿಸಲಿಲ್ಲ? ಅವನು ಅಪ್ಪನ ತೊಡೆಯ ಮೇಲೆ ಕುಳಿತಿದ್ದನೇನೋ. ಗೊತ್ತಿಲ್ಲ.

ಆಮೇಲೆ ಸದ್ದು. ಮೊದಲ ಗುಂಡಿಗೆ ಪಾರಿವಾಳಗಳು ಎದ್ದವು. ಇನ್ನೊಂದು ಹಾರಿದಾಗ ಅವು ಇನ್ನೂ ಆಕಾಶದಲ್ಲೇ ಇದ್ದವು. ನಡುವೆ ಒಂದು ತಡೆ ಬಿತ್ತು. ಪಾರಿವಾಳಗಳು ಸುತ್ತು ಹಾಕಿ ಒಂದೊಂದಾಗಿ ಮಾಳಿಗೆಗೆ ಇಳಿದು, ಕತ್ತು ಒಳಗೆಳೆದು ಕುಳಿತುಕೊಳ್ಳುವಷ್ಟು ಹೊತ್ತು. ಮತ್ತೆ ಸದ್ದು, ಒಂದರ ಹಿಂದೊಂದು ಎರಡು. ಪಾರಿವಾಳಗಳು ಮತ್ತೆ ಎದ್ದವು.

“ಗೌಡರು ಈ ಸಲ ಮಾಳಿಗಿ ಹತ್ತಿಲ್ಲೇನು? ಸಪ್ಪಳಾ ಗಡಿಗ್ಯಾಗಿಂದ ಬಂಧಂಗ ಬರ್ಲಿಕ್ಕೆ ಹತ್ತದ,” ಎಂದರು ನನ್ನ ಗಂಡ, ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವರು.

ಪಕ್ಕದ ಕಟ್ಟೆಯಿಂದ ಒಬ್ಬ ಮುದುಕ ಕೂಗಿ ಹೇಳಿದ: “ದೀಪಾವಳೀದೂ ಇವತ್ತ ಮುಗಿಸಿಬಿಡ್ತಾನೇನೋ ನಮ್ಮ ಗೌಡಾ! ಏಳ್ರೋ, ನಡೀರಿ ಬನ್ನಿಗೆ!”

ಓಣಿ ನಕ್ಕಿತು. ಹುಡುಗಿಯೂ ನಕ್ಕಳು. “ಎಲೆಕ್ಷನ್ ಅಂತ ಇಷ್ಟ ದಿನಾ ಬಂದೂಕ ಇದ್ದಿದ್ದಿಲ್ಲಲ್ಲರಿ, ಅದಕ್ಕ ಅಪ್ಪಾಗ ಹುರುಪ ಭಾಳ,” ಎಂದಳು. ನಾವೆಲ್ಲ ಸೀಮೆಯ ಕಡೆ ನಡೆದೆವು.

ಮರಳಿದಾಗ ಸಂಜೆಯ ಬೆಳಕಿತ್ತು. ಗೌಡರ ಬಾಗಿಲು ಮುಚ್ಚಿತ್ತು. ನಮಗಿಂತ ಮುಂಚೆ ಬಂದವರು ಬಾಗಿಲು ತಟ್ಟಿ, ಯಲ್ಲಮ್ಮನ ಗುಡ್ಡಕ್ಕೆ ಹೋಗಿರಬೇಕೆಂದುಕೊಂಡು, ಬನ್ನಿಯನ್ನು ಹೊಸ್ತಿಲ ಮೇಲೇ ಇಟ್ಟು ಹೋಗಿದ್ದರು. ನಾವು ನಿಂತಿದ್ದಾಗಲೂ ಇಬ್ಬರು ಬಂದರು, ಬಗ್ಗಿ ಎಲೆ ಇಟ್ಟರು, ಮುಚ್ಚಿದ ಬಾಗಿಲಿಗೆ ಕೈಮುಗಿದು, “ಬಂಗಾರದಂಗ ಇರೂಣ್ರಿ ಗೌಡ್ರ,” ಎಂದು ಹೇಳಿ ಹೋದರು. ಒಳಗಿನಿಂದ ಚಿಲಕ ಹಾಕಿದ್ದು ಹುಡುಗಿ ದಬ್ಬಿ ನೋಡಿದಾಗಲೇ ಗೊತ್ತಾದದ್ದು.

“ಅವ್ವಾ, ಬನ್ನಿ ತಂದೀನಿ. ಬಾಗಲಾ ತಗಿ.”

ಅಷ್ಟರಲ್ಲಿ ಗೌಡರ ತಮ್ಮ ಬಂದ. ಬೇರೆ ಮನೆ ಮಾಡಿಕೊಂಡು ಅದೇ ಓಣಿಯ ಆ ತುದಿಯಲ್ಲಿದ್ದವನು. ಹಿತ್ತಲ ಗೋಡೆ ಹತ್ತಿ ಒಳಗಿಳಿದ. ನಾವು ಕಾದೆವು. ಚಿಲಕ ಸರಿದ ಸದ್ದು ಬರಲು ಬಹಳ ಹೊತ್ತಾಯಿತು. ಒಂದೇ ಕದ ತೆರೆದು ಹೊರಗೆ ಬಂದು, ಅದನ್ನು ಬೆನ್ನ ಹಿಂದೆ ಎಳೆದುಕೊಂಡ. ಹುಡುಗಿಯನ್ನು ನೋಡಲಿಲ್ಲ.

“ಅಕ್ಕಾರ, ಇಕೀನ ನಿಮ್ಮ ಮನಿಗೆ ಕರಕೊಂಡ ಹೋಗ್ರಿ. ಬಾಗಲಾ ಹಾಕ್ಕೊಂಡ ಕುಂದರ್ರಿ.”

ಹೇಳಿ ಹೊಸ್ತಿಲ ಮೇಲಿನ ಬನ್ನಿಯನ್ನು ತುಳಿದುಕೊಂಡೇ ಕೆಳಗಿಳಿದ. ನಡೆಯುವಾಗ ಅವನ ಅಂಗಾಲಿಗೆ ಎಲೆಗಳು ಅಂಟಿದ್ದವು. ಒಣ ಅಂಗಾಲಿಗೆ ಎಲೆ ಅಂಟುವುದಿಲ್ಲ ಎನ್ನುವುದು ಆಮೇಲೆ, ಹುಡುಗಿಯ ಕೈ ಹಿಡಿದು ನಮ್ಮ ಮೆಟ್ಟಿಲು ಹತ್ತುವಾಗ, ನನಗೆ ಹೊಳೆಯಿತು.

ಗೌಡರು ಹೆಂಡತಿಯನ್ನು, ಸಣ್ಣ ಮಗನನ್ನು, ಹೆತ್ತ ತಾಯಿಯನ್ನು ಕೊಂದು, ಕೊನೆಗೆ ತಾವೂ ಗುಂಡು ಹೊಡೆದುಕೊಂಡು ಸತ್ತಿದ್ದರು. ಪಡಸಾಲೆಯಲ್ಲಿ ಊಟದ ತಾಟುಗಳಿದ್ದವಂತೆ. ಎಲ್ಲದರಲ್ಲೂ ಬಡಿಸಿತ್ತಂತೆ. ಮಗಳ ತಾಟಿನಲ್ಲೂ.

ಮಣ್ಣು ಮಾಡಿದ್ದು ಗೌಡರ ಹೊಲದಲ್ಲೇ, ಅವರ ಪದ್ಧತಿಯಂತೆ. ರಾಮದುರ್ಗದಿಂದ ಬಂದ ಹೆಂಡತಿಯ ತಾಯಿ ಹಿರಿಯರ ಮುಂದೆ ಸೆರಗೊಡ್ಡಿದಳು: “ನನ್ನ ಮಗಳನ್ನ ಅವನ ಬಾಜೂಕ ಇಡಬ್ಯಾಡ್ರೀ ಯಪ್ಪಾ. ದೂರ ಒಂದ ಮೂಲ್ಯಾಗ ಇಡ್ರಿ.” ಹಿರಿಯರೊಬ್ಬರು ಬಹಳ ಮೆತ್ತಗೆ, “ಗಂಡ-ಹೆಂಡ್ತಿ ಅಲ್ಲೇನವ್ವಾ. ಸತ್ತ ಮ್ಯಾಲೆ ಬ್ಯಾರೆ ಮಾಡಾಕ ನಾವ್ಯಾರು?” ಎಂದರು. ಒಂದೇ ಸಾಲಿನಲ್ಲಿ ಇಟ್ಟರು.

ಆಮೇಲೆ ಓಣಿ ಮಾತಾಡತೊಡಗಿತು. ಯಾರೋ ಮಾಟ ಮಾಡಿಸಿದ್ದಾರೆ. ಮನೆ ಮೂರು ದಾರಿ ಕೂಡುವಲ್ಲಿದೆ. ಗುಡ್ಡದ ಹರಕೆಯೊಂದು ಉಳಿದಿತ್ತು. ವೇಳೆ ಕೆಟ್ಟಿತ್ತು. ಎಲ್ಲ ಮಾತೂ ತಿರುಗಿ ತಿರುಗಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು: “ಇರಿವಿ ಮ್ಯಾಲೆ ಕಾಲಿಡದ ಮನುಷ್ಯಾ. ಆಕಿ ನೌಕರಿ ಹುಚ್ಚ ಮನೀ ತಿಂತು.” ಹಾಗೆ ಹೇಳುವವರು ಕೆಟ್ಟವರಲ್ಲ. ಇರುವೆ ತುಳಿಯದ ಮನುಷ್ಯನೇ ಇದನ್ನು ಮಾಡಿದ್ದೆಂದರೆ, ಪಕ್ಕದ ಹಾಸಿಗೆಯಲ್ಲಿ ಮಲಗಿದ ತಮ್ಮ ಮನುಷ್ಯನ ಬಗ್ಗೆ ಏನು ನಂಬುವುದು? ತಲೆ ಕೆಟ್ಟಿತ್ತು ಎಂದುಬಿಟ್ಟರೆ ಆ ಪ್ರಶ್ನೆ ತಪ್ಪುತ್ತದೆ. ನಾನು ಬಹಳ ಯೋಚಿಸಿದ್ದೇನೆ. ನನ್ನ ಲೆಕ್ಕದಲ್ಲಿ ಗೌಡರ ತಲೆ ಕೆಟ್ಟಿರಲಿಲ್ಲ. ತಾನಿಲ್ಲದೆ ಇವರಿಲ್ಲ ಎಂದು ಅವರು ವರ್ಷಗಟ್ಟಲೆ ಹೇಳಿದ್ದರು, ನಾವು ವರ್ಷಗಟ್ಟಲೆ ಮೆಚ್ಚಿದ್ದೆವು. ಒಂದು ದಿನ ಹೆಂಡತಿ ತಾನೇ ನೀಡಿಕೊಂಡು ಉಂಡಳು. ತನ್ನದು ಎಂದುಕೊಂಡದ್ದು ಕೈ ಬಿಟ್ಟು ಹೋಗುವಾಗ ಕೆಲವರು ಅಳುತ್ತಾರೆ, ಕೆಲವರು ಕುಡಿಯುತ್ತಾರೆ. ಅವರ ಗೋಡೆಗೆ ಬಂದೂಕಿತ್ತು.

ರಾಮದುರ್ಗಕ್ಕೆ ಅಜ್ಜಿಯೊಂದಿಗೆ ಹೊರಡುವ ಮೊದಲು ಹುಡುಗಿ ಕೆಲವು ದಿನ ನಮ್ಮಲ್ಲೇ ಇದ್ದಳು. ಬಂದವರಿಗೆ ನಾನು ಇಂಗ್ಲಿಷಿನಲ್ಲಿ ‘ಟ್ರ್ಯಾಜಿಡಿ’ ಎನ್ನುತ್ತಿದ್ದೆ. ಕನ್ನಡದಲ್ಲಿ ಹೇಳಲು ಬಾಯಿ ಬರುತ್ತಿರಲಿಲ್ಲ.

“ಅಕ್ಕಾರ, ಟ್ರ್ಯಾಜಿಡಿ ಅಂದ್ರ ಯಾರೂ ಮಾಡಿದ್ದಲ್ಲ, ತಾನ ಆಗಿದ್ದು ಅಂತಲ್ಲರಿ?” ಎಂದಳು ಒಂದು ಬೆಳಿಗ್ಗೆ.

ನನ್ನ ಕಾನ್ವೆಂಟಿನ ಇಂಗ್ಲಿಷ್ ಪೂರಾ ಅಲ್ಲಿಗೆ ಮುಗಿಯಿತು.

ಮರುವರ್ಷದ ದಸರೆಗೆ ಓಣಿ ಹೊಸ ಬಟ್ಟೆ ತೊಟ್ಟು ಕಟ್ಟೆಯ ಮೇಲೆ ಕುಳಿತಿತ್ತು. ಗುಂಡಿಲ್ಲ. ಹೊರಡುವುದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ, ಕಿವಿಗೊಟ್ಟು ಕುಳಿತೇ ಇದ್ದರು. ಯಾತಕ್ಕಾಗಿ ಕಾಯುತ್ತಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಕೊನೆಗೆ ಕತ್ತಲಾದೀತೆಂದು ಯಾರೋ ಎದ್ದರು. ಅದರ ಮುಂದಿನ ವರ್ಷ ಇನ್ನೊಂದು ಮನೆಯ ಮಾಳಿಗೆಯಿಂದ ಗುಂಡು ಹಾರಿತು. “ಹಾಂ, ಈಗ ಹಬ್ಬ ಅನಿಸ್ತ ನೋಡ್ರಿ,” ಎಂದ ಅದೇ ಪಕ್ಕದ ಕಟ್ಟೆಯ ಮುದುಕ.

ಆದರೆ ಅದಕ್ಕೂ ಮೊದಲು, ಗುಂಡಿಲ್ಲದ ಆ ದಸರೆ ಕಳೆದ ಮೇಲೆ, ಗೌಡರ ತಮ್ಮ ವರ್ಷದ ಕಾರ್ಯ ಇಟ್ಟ. ಮನೆ ತೆರೆಸಿ, ಸುಣ್ಣ ಬಳಿಸಿ, ಹುಡುಗಿಯನ್ನು ರಾಮದುರ್ಗದಿಂದ ಕರೆಸಿದ. ಅವನಿಗೆ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದರು. ‘ಆ ಮನೆತನ’ ಎಂದು ಕೇಳಿದ ಕೂಡಲೇ ಬೀಗರು ಮೆಟ್ಟಿಲು ಇಳಿಯುತ್ತಿದ್ದರು. ನನ್ನೆದುರಿಗೇ ಅವನು ಹುಡುಗಿಗೆ ಹೇಳಿದ: “ತಂಗೀ, ಮಂದಿ ಮುಂದ ನೀ ಒಂದ ಆರತಿ ಬೆಳಗಿಬಿಡು. ಮಗಳ ಮನಸ ತಿಳಿ ಆಗೈತಿ ಅಂದ್ರ ಊರ ಬಾಯಿ ಮುಚ್ಚತೈತಿ. ನಿನ್ನ ಅಕ್ಕಗೋಳ ಬಾಳೇ ನಿನ್ನ ಕೈಯಾಗೈತಿ.”

ಗೋಡೆಯಲ್ಲಿ ಬಂದೂಕು ತೂಗುತ್ತಿದ್ದ ಜಾಗದಲ್ಲಿ ಈಗ ಹೊಸ ಫೋಟೋ. ಕಿತ್ತೂರಿನ ಸ್ಟುಡಿಯೋದಲ್ಲಿ ಮಾಡಿಸಿ ತಂದದ್ದು. ಹಿಂದೊಮ್ಮೆ ಜಾತ್ರೆಯಲ್ಲಿ ತೆಗೆಸಿದ ಇಡೀ ಮನೆಯ ಚಿತ್ರವನ್ನೇ ದೊಡ್ಡದು ಮಾಡಿ, ಕೆನ್ನೆ ತುಟಿಗೆ ಬಣ್ಣ ತುಂಬಿದ್ದರು. ಕುರ್ಚಿಯಲ್ಲಿ ಮುದುಕಿ, ಪಕ್ಕದಲ್ಲಿ ಸೊಸೆ, ಅವಳ ಕಾಲ ಬಳಿ ಸಣ್ಣವನು, ಹಿಂದೆ ಗೌಡರು. ಮೂಲ ಚಿತ್ರದಲ್ಲಿ ಹುಡುಗಿಯೂ ಇದ್ದಳು. ಬದುಕಿದವರಿಗೆ ಮಾಲೆ ಹಾಕಬಾರದಲ್ಲ, ಅವಳನ್ನು ತೆಗೆಸಿದ್ದರು. ಅವಳು ನಿಂತಿದ್ದ ಜಾಗಕ್ಕೆ ಸ್ಟುಡಿಯೋದವನು ಒಂದು ಟೀಪಾಯಿ, ಅದರ ಮೇಲೆ ಗುಲಾಬಿ ತುಂಬಿದ ಎತ್ತರದ ಹೂದಾನಿ ಬರೆದಿದ್ದ. ಎಲ್ಲ ಬಹಳ ನೀಟಾಗಿತ್ತು. ಮಗಳ ಹೆಗಲ ಮೇಲಿದ್ದ ಗೌಡರ ಕೈಯನ್ನು ಮಾತ್ರ ತೆಗೆದಿರಲಿಲ್ಲ. ಹೂದಾನಿಯ ಹೆಗಲ ಮೇಲೆ ಆ ಕೈ ಬೆರಳುಗಳನ್ನು ಮಡಚಿ ಮೆತ್ತಗೆ ಹಿಡಿದುಕೊಂಡಿತ್ತು.

ಹುಡುಗಿ ಆರತಿ ತಟ್ಟೆ ಹಿಡಿದು ನಿಂತಳು. ನಿಂತೇ ಇದ್ದಳು.

“ಕಾಕಾ, ಇಲ್ಲೆ ನಾ ನಿಂತಿದ್ದೆ.”

“ಹೂಂ ತಂಗೀ. ಬೆಳಗು.”

“ಅಪ್ಪನ ಕೈ ತಗಸ್ರಿ. ಆಮ್ಯಾಲೆ ಬೆಳಗತೇನಿ.”

ಪಡಸಾಲೆ ತುಂಬ ಮಂದಿ. ಗೌಡರ ಕಡೆಯ ಒಬ್ಬ ಮುದುಕಿ, “ಸತ್ತವರ ಮ್ಯಾಲೆ ಸಿಟ್ಟ ಮಾಡಬಾರದ, ಹುಚ್ಚಿ,” ಎಂದಳು.

“ಸಿಟ್ಟಲ್ಲರಿ ಆಯೀ. ಅಂಜಿಕಿ.”

ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. ದೀಪ ಉರಿಯುತ್ತಲೇ ಇತ್ತು. ಹೊರಗೆ ಬಂದು ಚಪ್ಪಲಿ ಹಾಕಿಕೊಂಡಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ.

ನಾನು ಆಗಾಗ ರಾಮದುರ್ಗಕ್ಕೆ ಪತ್ರ ಬರೆಯುತ್ತಿದ್ದೆ. ಹುಡುಗಿ ನರ್ಸಿಂಗ್ ಓದಿದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಅಜ್ಜಿಯಿಂದ ಫೋನ್ ಬಂತು: ಗಂಡಿನ ಕಡೆಯವರು ನೋಡಲು ಬರುತ್ತಾರೆ, ‘ನಿಮ್ಮಂಥಾ ಓದಿದವರು ಒಬ್ರು ಬಾಜೂಕ ಕುಂತ್ರ ಹುಡುಗಿಗೆ ಧೈರ್ಯ.’ ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೋದೆ.

ಸಂಬಂಧ ತಂದವನು ಅದೇ ಚಿಕ್ಕಪ್ಪ. ಅವನ ಹೆಣ್ಣುಮಕ್ಕಳು ಹೇಗೋ ಗಂಡನ ಮನೆ ಸೇರಿದ್ದರು. ಈಗ ಇವಳದೂ ಮುಗಿಸಿ ಕೈ ತೊಳೆದುಕೊಳ್ಳಬೇಕೆಂಬ ಅವಸರ. ನನ್ನನ್ನು ಹಿತ್ತಲಿಗೆ ಕರೆದು, “ಆಕ್ಸಿಡೆಂಟ್ ಅಂತ ಹೇಳೀನ್ರಿ ಅಕ್ಕಾರ. ನೀವೂ ಹಂಗ ಅನ್ರಿ. ಇದ ತಪ್ಪಿದ್ರ ಇನ್ನ ಯಾರೂ ಈ ಹೊಸ್ತಿಲಾ ತುಳಿಯೂದಿಲ್ಲ,” ಎಂದ. ಅದು ಹುಡುಗಿಗೂ ಗೊತ್ತಿತ್ತು. ಅಜ್ಜಿಯ ಕಣ್ಣು ಮಂಜಾಗಿತ್ತು. ತಾನು ಹೋಗುವುದರೊಳಗೆ ಮೊಮ್ಮಗಳದೊಂದು ಆಗಲೆಂದು ಅವಳಿಗೂ ಆಸೆ.

ಗಂಡಿನ ಕಡೆಯವರು ಸಭ್ಯರು. ಉಪ್ಪಿಟ್ಟು ಹೊಗಳಿದರು. ಗಂಡಿನ ತಂದೆ ದೊಡ್ಡ ಮೀಸೆಯ, ನಗೆಮೊಗದ ಮನುಷ್ಯ.

“ನಿಮ್ಮ ಕಾಕಾ ಎಲ್ಲಾ ಹೇಳ್ಯಾರವ್ವಾ. ಅಪಘಾತದಾಗ ಎಲ್ಲಾರೂ ಒಂದ ಸಲ ಹೋದ್ರಂತ. ಭಾಳ ಕೆಟ್ಟ ಅನಿಸ್ತು.”

ಚಿಕ್ಕಪ್ಪ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ತಲೆ ಎತ್ತಿದಳು.

“ಅಪಘಾತ ಅಲ್ಲರಿ. ನಮ್ಮಪ್ಪ ಬಂದೂಕಲೆ ಹೊಡದಾ. ಅವ್ವನ್ನ, ತಮ್ಮನ್ನ, ಅವರವ್ವನ್ನ. ಆಮ್ಯಾಲೆ ತಾನೂ ಹೊಡಕೊಂಡಾ.” ವಾರ್ಡಿನಲ್ಲಿ ಡಾಕ್ಟರಿಗೆ ರಿಪೋರ್ಟ್ ಹೇಳುವ ದನಿ. “ನಿಮ್ಮ ಮನ್ಯಾಗ ಬಂದೂಕ ಐತೇನ್ರಿ?”

ಗಂಡಿನ ತಂದೆ ಕಪ್ಪನ್ನು ಬಸಿಯ ಮೇಲಿಟ್ಟರು. “ಹೊಲಕ್ಕ ಹಂದಿ ಬರ್ತಾವವ್ವಾ. ಇಲ್ಲದ ನಡ್ಯೂದಿಲ್ಲ.”

“ಸ್ಟೇಶನ್ನಿಗೆ ಒಪ್ಪಿಸಿಬಿಡೂಣ್ರಿ ಅಪ್ಪಾ,” ಎಂದ ಹುಡುಗ. ಅಲ್ಲಿಯವರೆಗೆ ಒಂದು ಮಾತೂ ಆಡದವನು.

“ಭಲೇ! ಇನ್ನೂ ಲಗ್ನನ ಆಗಿಲ್ಲ, ಆಗ್ಲೆ ಹೇಣ್ತಿ ಮಾತ ಕೇಳಾಕ ಹತ್ಯಾನ ನೋಡ್ರಿ ನಮ್ಮ ಹುಲಿ,” ಎಂದು ತಂದೆ ನಕ್ಕರು. ಬೇರೆ ಯಾರೂ ನಗಲಿಲ್ಲ. ತಿಳಿಸುತ್ತೇವೆ ಎಂದು ಹೇಳಿ ಎದ್ದರು. ಚಿಕ್ಕಪ್ಪ ಅವರ ಹಿಂದೆಯೇ ಹೋದ, ನಮಗೆ ಹೇಳದೆ.

ಹುಡುಗಿಗೆ ಮಧ್ಯಾಹ್ನದ ಡ್ಯೂಟಿ ಇತ್ತು. ಬಿಳಿ ಸೀರೆ ಉಟ್ಟು ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಕಿಟಕಿಯ ಸೀಟು ಹಿಡಿದು, ಸರಳುಗಳ ನಡುವಿನಿಂದ ನನ್ನ ಚೀಲ ಒಳಗೆ ಕೊಟ್ಟಳು. ಹೇಳಲೋ ಬೇಡವೋ ಎನ್ನುತ್ತ ನಾನು ಹೇಳಿಯೇ ಬಿಟ್ಟೆ: “ಆ ಹುಡುಗ ಒಳ್ಳೇಂವ ಕಾಣ್ತಾನ. ಅವನಾಗೇ ಬಾಯಿ ಬಿಟ್ಟು ಹೇಳಿದಾ. ಅವರು ಹೂಂ ಅಂದ್ರ ನೀ ವಿಚಾರ ಮಾಡು.”

“ಚೊಲೋ ಅದಾನ್ರಿ ಅಕ್ಕಾರ,” ಎಂದಳು. ಮೂಗಿನ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿಕೊಂಡಳು. “ನಮ್ಮಪ್ಪನೂ ಚೊಲೋನ ಇದ್ದಾ.”

ಕಂಡಕ್ಟರ್ ಸೀಟಿ ಊದಿದ. ಅವಳು ಕೈಗಡಿಯಾರ ನೋಡಿಕೊಂಡು, ಎರಡೂ ಬದಿಗೆ ಕತ್ತು ಹೊರಳಿಸಿ ನೋಡಿ, ದವಾಖಾನೆಯ ಕಡೆಗೆ ರಸ್ತೆ ದಾಟಿದಳು. ಬಸ್ಸು ಸವದತ್ತಿಯ ಹಾದಿಗೆ ತಿರುಗುವವರೆಗೂ ಬಿಸಿಲಿನಲ್ಲಿ ಆ ಬಿಳಿ ಸೀರೆ ಕಾಣುತ್ತಿತ್ತು. ಆಮೇಲೆ ನಾನು ಅವಳನ್ನು ನೋಡಿಲ್ಲ.